ಹಾಡಿದ ಲೋಟೆ ಲೇಮಾನ್, ಹಾಡಿಸಿದ ಲೋಟೆ ಲೇಮಾನ್

ಹಿಂದಿನ ಸಂಚಿಕೆಯಲ್ಲಿ, ನಮ್ಮ ಬಯಲಾಟವನ್ನೂ ಯುರೋಪಿನ ಸಂಗೀತ ನಾಟಕವಾದ ಒಪೆರಾವನ್ನೂ ಅಕ್ಕಪಕ್ಕ ಇಟ್ಟು ನೋಡಬಹುದೇ ಎಂಬ ಪ್ರಶ್ನೆಗೆ ಉತ್ತರಿಸುವಾಗ ಜರ್ಮನಿಯ ಗಾಯಕಿ ಲೋಟೆ ಲೇಮಾನ್ ಅವರ ಹೆಸರನ್ನು ಒಂದೇ ಸಾಲಿನಲ್ಲಿ ಪ್ರಸ್ತಾಪಿಸಿದ್ದೆ. ಆ ಸಾಲನ್ನು ಹಿಡಿದು ಕಾಸರಗೋಡು ಜಿಲ್ಲೆಯ ಓದುಗರು ಬರೆದ ಪತ್ರಗಳೇ ಈ ಸಲದ ಅಂಕಣಕ್ಕೆ ಸಾಕಾಗುವಷ್ಟಿವೆ. ಕಿಟೆಲ್ ಅವರ ನಿಘಂಟಿನ ಮೂಲಕ ಜರ್ಮನ್ನರನ್ನು ಬಲ್ಲ ನಮ್ಮ ಕಡೆಯವರು ಅವರ ಸಂಗೀತದ ಬಗ್ಗೆ ಇಷ್ಟು ಆಸಕ್ತಿಯಿಂದ ಕೇಳಿರುವುದು ನನಗೆ ನಿಜವಾಗಿಯೂ ಸಂತೋಷ ತಂದಿದೆ. ಉಳಿದ ವಿಷಯಗಳ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇರಿಸಿಕೊಂಡಿದ್ದೇನೆ.

ಪ್ರಶ್ನೆ: ಲೇಮಾನ್ ಎಂಬ ಹೆಸರಿನ ಇಬ್ಬರು ಪ್ರಸಿದ್ಧ ಗಾಯಕಿಯರಿದ್ದರೆಂದು ಓದಿದ ನೆನಪು. ಅವರು ತಾಯಿ ಮಗಳೇ, ಅಕ್ಕ ತಂಗಿಯರೇ? ನೀವು ಬರೆದದ್ದು ಯಾರನ್ನು ಕುರಿತು? ಅವರ ವೃತ್ತಿಜೀವನವನ್ನು ಸ್ವಲ್ಪ ವಿವರವಾಗಿ ತಿಳಿಸುವಿರಾ?
(ನಿವೃತ್ತ ಅಧ್ಯಾಪಕರು, ಕುಂಬಳೆ)

ಉತ್ತರ: ಮಾನ್ಯರೇ, ಇಬ್ಬರಿದ್ದದ್ದು ನಿಜ, ಆದರೆ ಅವರ ನಡುವೆ ರಕ್ತಸಂಬಂಧವಿರಲಿಲ್ಲ. ಹಿರಿಯರಾದ ಲಿಲಿ ಲೇಮಾನ್ 1848ರಲ್ಲಿ ವ್ಯುರ್ಟ್ಸ್‌ಬುರ್ಗ್ ಪಟ್ಟಣದಲ್ಲಿ ಹುಟ್ಟಿದವರು. ಗಾಯಕಿಯಾಗಿದ್ದ ತಾಯಿಯೇ ಅವರ ಗುರು. ಜರ್ಮನಿಯ ಒಪೆರಾ ರಚನಕಾರ ವಾಗ್ನರ್ ತಮ್ಮ ಬೈರಾಯ್ಟ್ ರಂಗಮಂದಿರದಲ್ಲಿ 1876ರಲ್ಲಿ ನಡೆಸಿದ ಮೊದಲ ಉತ್ಸವದಲ್ಲಿ ಹಾಡಿದ ಲಿಲಿ, 1885ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾ ಸೇರಿ, ಮರುವರ್ಷ ಅಮೆರಿಕದ ಮೊತ್ತಮೊದಲ ‘ಟ್ರಿಸ್ಟಾನ್ ಮತ್ತು ಇಸೋಲ್ಡೆ’ಯಲ್ಲಿ ಇಸೋಲ್ಡೆಯಾದರು. ಮುಂದೆ ಅವರು ಬಹಳ ದೊಡ್ಡ ಶಿಕ್ಷಕಿಯೂ ಆದರು. 1902ರಲ್ಲಿ ಹಾಡುಗಾರಿಕೆಯ ಕುರಿತು ಅವರು ಬರೆದ ಪುಸ್ತಕದಲ್ಲಿ, ಒಂದೊಂದು ಸ್ವರವನ್ನೂ ನಿಧಾನವಾಗಿ ಹಿಡಿದು, ಮೆಲ್ಲಗೆ ಬೆಳೆಸಿ, ಮೆಲ್ಲಗೆ ಇಳಿಸುತ್ತಾ ಮೇಲಿನ ಸ್ಥಾಯಿಯವರೆಗೆ ಹೋಗಿ ಮರಳಿ ಬರುವ ‘ಮಹಾ ಸ್ವರಶ್ರೇಣಿ’ಯ ಸಾಧನೆಯನ್ನು ಎಲ್ಲಕ್ಕಿಂತ ಮುಖ್ಯವೆಂದು ಹೇಳಿದ್ದಾರೆ. ನಮ್ಮಲ್ಲಿ ವಿಳಂಬ ಕಾಲದ ಸರಳೆ ವರಸೆಯನ್ನು ಅಕಾರದಲ್ಲಿ ಸಾಧಿಸಿದವರಿಗೆ ಇದರ ಮಹತ್ವವನ್ನು ಬಿಡಿಸಿ ಹೇಳಬೇಕಾಗಿಲ್ಲ. ಅವರು 1929ರಲ್ಲಿ ಬರ್ಲಿನ್ನಿನಲ್ಲಿ ತೀರಿಕೊಂಡರು.

ನಾನು ಬರೆದದ್ದು ಕಿರಿಯರಾದ ಲೋಟೆ ಲೇಮಾನ್ ಅವರ ಬಗ್ಗೆ. ಅವರು ಹುಟ್ಟಿದ್ದು 1888ರ ಫೆಬ್ರವರಿ 27ರಂದು, ಬರ್ಲಿನ್ ಮತ್ತು ಹ್ಯಾಂಬರ್ಗ್ ನಗರಗಳ ನಡುವಿನ ಪೆರ್ಲೆಬೆರ್ಗ್ ಎಂಬ ಸಣ್ಣ ಊರಿನಲ್ಲಿ. ಬರ್ಲಿನ್ನಿನಲ್ಲಿ ಸಂಗೀತ ಕಲಿತು, 1910ರಲ್ಲಿ ಹ್ಯಾಂಬರ್ಗ್ ಒಪೆರಾದಲ್ಲಿ ಚಿಕ್ಕಪುಟ್ಟ ಪಾತ್ರಗಳಿಂದ ರಂಗಪ್ರವೇಶ ಮಾಡಿದರು. ಮೇಳ ಸೇರಿದ ಹುಡುಗ ಮೊದಲು ಕೋಡಂಗಿಯ, ಬಾಲಗೋಪಾಲರ ವೇಷ ಮಾಡಿ, ಹಿರಿಯರ ವೇಷಗಳನ್ನು ಚೌಕಿಯಲ್ಲಿ ಕಂಡು ಮೇಲೆ ಬರುತ್ತಾನಲ್ಲ, ಒಪೆರಾದಲ್ಲಿಯೂ ಕ್ರಮ ಹೆಚ್ಚು ಕಡಿಮೆ ಅದೇ. ಎರಡು ವರ್ಷಗಳ ಬಳಿಕ, 1912ರಲ್ಲಿ, ಆಗಿನ್ನೂ ತರುಣರಾಗಿದ್ದ ವಾದ್ಯವೃಂದ ನಿರ್ದೇಶಕ ಒಟ್ಟೊ ಕ್ಲೆಂಪೆರರ್ ಅವರ ಕೈಕೆಳಗೆ ‘ಲೋಹೆಂಗ್ರಿನ್’ ಒಪೆರಾದ ಎಲ್ಸಾ ಪಾತ್ರ ಹಾಡಿದಾಗ ಜನ ಅವರನ್ನು ಗುರುತಿಸಿದರು.

ಅವರ ಬದುಕಿನ ತಿರುವು ಬಂದದ್ದು ವಿಯೆನ್ನಾದಲ್ಲಿ. 1916ರಲ್ಲಿ ಅಲ್ಲಿನ ಒಪೆರಾ ಸೇರಿದಾಗ ಸಂಗೀತ ರಚನಕಾರ ರಿಚರ್ಡ್ ಸ್ಟ್ರೌಸ್ ತಮ್ಮ ‘ಅರಿಯಾಡ್ನೆ’ ಒಪೆರಾವನ್ನು ತಿದ್ದಿ ಹೊಸ ರೂಪದಲ್ಲಿ ರಂಗಕ್ಕೆ ತರುತ್ತಿದ್ದರು. ಅದರಲ್ಲಿ ತರುಣ ಸಂಗೀತ ರಚನಕಾರನ ಪಾತ್ರವನ್ನು ಒಬ್ಬ ಹಿರಿಯ ಗಾಯಕಿಗೆ ಕೊಟ್ಟಿದ್ದರು. ಅವರು ತಾಲೀಮಿಗೆ ಬರಲಾಗದಿದ್ದ ಹೊತ್ತಿಗೆ ಬದಲಿಯಾಗಿ ನಿಂತು ಹಾಡಿದವರು ಲೋಟೆ. ಕೇಳಿದ ಸ್ಟ್ರೌಸ್ ಆ ಪಾತ್ರವನ್ನು ಅವರಿಗೇ ಬಿಟ್ಟುಕೊಟ್ಟರು. ಅಕ್ಟೋಬರ್ 4ರ ಮೊದಲ ಪ್ರದರ್ಶನ ಮುಗಿಯುವಷ್ಟರಲ್ಲಿ ವಿಯೆನ್ನಾ ಅವರನ್ನು ತನ್ನವರೆಂದು ಒಪ್ಪಿಕೊಂಡಿತ್ತು. 1919ರಲ್ಲಿ ಸ್ಟ್ರೌಸ್ ಅವರದೇ ‘ನೆರಳಿಲ್ಲದ ಹೆಂಗಸು’ ಒಪೆರಾದ ಬಣ್ಣಗಾರನ ಹೆಂಡತಿಯ ಪಾತ್ರ, 1924ರಲ್ಲಿ ಡ್ರೆಸ್ಡೆನ್ನಿನಲ್ಲಿ ‘ಇಂಟರ್‌ಮೆಝೊ’ದ ನಾಯಕಿಯ ಪಾತ್ರ, ಇವೆರಡನ್ನೂ ಜಗತ್ತಿನಲ್ಲಿ ಮೊದಲು ಹಾಡಿದವರು ಅವರೇ. ಜರ್ಮನಿಯಲ್ಲಿ ಹುಟ್ಟಿದವರಾದರೂ ಅವರ ಕಲೆ ಪಳಗಿದ್ದು ವಿಯೆನ್ನಾದಲ್ಲಿ ಎಂಬುದನ್ನು ಮರೆಯಬಾರದು.

ಸ್ಟ್ರೌಸ್ ಅವರ ‘ರೋಸೆನ್‌ಕಾವಲಿಯರ್’ ಎಂಬ ಒಪೆರಾದ ಮಾತನ್ನು ಇಲ್ಲಿ ಸ್ವಲ್ಪ ಬೆಳೆಸಬೇಕು, ಏಕೆಂದರೆ ಲೋಟೆಯ ಹೆಸರು ಅದಕ್ಕೆ ಅಂಟಿಕೊಂಡಿದೆ. ಅದರಲ್ಲಿ ಮೂರು ದೊಡ್ಡ ಸ್ತ್ರೀಕಂಠಗಳಿವೆ: ಹದಿಹರೆಯದ ಸೋಫಿ, ತರುಣ ಪ್ರೇಮಿ ಒಕ್ಟಾವಿಯನ್ (ಪುರುಷ ಪಾತ್ರವಾದರೂ ಹೆಂಗಸೇ ಹಾಡುವುದು), ಮತ್ತು ಯೌವನ ಕೈಬಿಟ್ಟು ಹೋಗುತ್ತಿರುವುದನ್ನು ಕಣ್ಣಾರೆ ಕಾಣುತ್ತಿರುವ ಸರದಾರನ ಪತ್ನಿ ಮಾರ್ಷಲಿನ್. ಲೋಟೆ ಮೊದಲು ಸೋಫಿಯಾಗಿ, ಅನಂತರ ಒಕ್ಟಾವಿಯನ್ ಆಗಿ, 1924ರಲ್ಲಿ ಲಂಡನ್ನಿನಲ್ಲಿ ಬ್ರೂನೊ ವಾಲ್ಟರ್ ಅವರ ನಿರ್ದೇಶನದಲ್ಲಿ ಮಾರ್ಷಲಿನ್ ಆಗಿ, ಮೂರನ್ನೂ ಹಾಡಿದರು. ಮೊದಲ ಅಂಕದ ಕೊನೆಯಲ್ಲಿ ಮಾರ್ಷಲಿನ್ ಹೇಳುವ ಒಂದು ಮಾತಿದೆ: ಕೆಲವೊಮ್ಮೆ ನಡುರಾತ್ರಿ ಎದ್ದು ಮನೆಯ ಗಡಿಯಾರಗಳನ್ನೆಲ್ಲ ನಿಲ್ಲಿಸಿಬಿಡುತ್ತೇನೆ ಎಂದು. ವಾದ್ಯಗಳೆಲ್ಲ ಅಡಗಿ, ಗಂಟೆ ಬಡಿದಂತೆ ಒಂದೇ ಸ್ವರ ಮತ್ತೆ ಮತ್ತೆ ಕೇಳುವ ಆ ಜಾಗದಲ್ಲಿ ಲೋಟೆ ದನಿಯನ್ನು ಬಹುತೇಕ ಮಾತಿನ ಮಟ್ಟಕ್ಕೆ ಇಳಿಸುತ್ತಾರೆ. ಆದರೂ ಒಂದಕ್ಷರವೂ ಕಳೆದುಹೋಗುವುದಿಲ್ಲ. ನನ್ನ ಮಟ್ಟಿಗೆ ಅವರ ಕಲೆಯ ಸಾರವೆಲ್ಲ ಆ ಕೆಲವು ಸಾಲುಗಳಲ್ಲಿದೆ.

ಮುಂದಿನದನ್ನು ಬೇಗ ಹೇಳಿಬಿಡಬಹುದು. ಬೀಥೊವನ್ ತೀರಿಕೊಂಡು ನೂರು ವರ್ಷವಾದ 1927ರಲ್ಲಿ ವಿಯೆನ್ನಾದಲ್ಲಿ ‘ಫಿಡೆಲಿಯೊ’ದ ಲಿಯೊನೋರೆ, 1934ರ ಜನವರಿಯಲ್ಲಿ ಮೆಟ್ರೊಪಾಲಿಟನ್‌ನಲ್ಲಿ ಮೊದಲ ಪ್ರದರ್ಶನ, 1935ರಲ್ಲಿ ಸಾಲ್ಸ್‌ಬುರ್ಗ್ ಉತ್ಸವದಲ್ಲಿ ಟೊಸ್ಕನೀನಿಯವರ ನಿರ್ದೇಶನದಲ್ಲಿ ಮತ್ತೆ ಲಿಯೊನೋರೆ, 1945ರಲ್ಲಿ ಮೆಟ್ರೊಪಾಲಿಟನ್‌ಗೆ ವಿದಾಯ. ಆ ಬಳಿಕ ಪಿಯಾನೊ ಒಂದರ ಜೊತೆ ಕವಿತೆಗಳನ್ನು ಹಾಡುವ ಕಛೇರಿಗಳಿಗಷ್ಟೇ ತಮ್ಮನ್ನು ಸೀಮಿತಗೊಳಿಸಿಕೊಂಡು, 1951ರಲ್ಲಿ ಅದನ್ನೂ ನಿಲ್ಲಿಸಿದರು. ತೀರಿಕೊಂಡದ್ದು 1976ರ ಆಗಸ್ಟ್ 26ರಂದು, ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾದಲ್ಲಿ. ಸಮಾಧಿ ಇರುವುದು ವಿಯೆನ್ನಾದಲ್ಲಿ. ನಕ್ಷತ್ರಗಳ ಮನಸ್ಸೂ ಕರಗುವಂತೆ ಹಾಡಿದವಳು ಎಂಬರ್ಥದ ಸ್ಟ್ರೌಸ್ ಅವರ ಮಾತನ್ನು ಅದರ ಕಲ್ಲಿನ ಮೇಲೆ ಕೆತ್ತಿದ್ದಾರೆ.

ಪ್ರಶ್ನೆ: ನನ್ನ ಮಗಳು ಹದಿನಾರು ವರ್ಷದವಳು. ಏಳೆಂಟು ವರ್ಷದಿಂದ ಕರ್ನಾಟಕ ಸಂಗೀತ ಕಲಿಯುತ್ತಿದ್ದಾಳೆ. ಈಚೆಗೆ ಅವಳ ಟೀಚರು “ಇವಳ ಕಂಠ ಹಾಡುಗಾರಿಕೆಗೆ ಹೇಳಿದ್ದಲ್ಲ, ವೀಣೆಗೆ ಹಾಕಿ” ಎಂದರು. ಅವಳು ಊಟ ಬಿಟ್ಟು ಕುಳಿತಿದ್ದಾಳೆ. ನೀವು ಬರೆದ ಗಾಯಕಿಯನ್ನೂ ಶಾಲೆಯಿಂದ ಹೊರಗೆ ಹಾಕಿದ್ದರೆಂದು ಯಾರೋ ಹೇಳಿದರು. ನಿಜವೇ?
(ತಾಯಿ, ಬದಿಯಡ್ಕ)

ಉತ್ತರ: ಅಮ್ಮಾ, ಅದು ನಿಜ. ಬರ್ಲಿನ್ನಿನಲ್ಲಿ ಎಟೆಲ್ಕಾ ಗೆರ್ಸ್ಟರ್ ಎಂಬ ಪ್ರಸಿದ್ಧ ಗಾಯಕಿ ನಡೆಸುತ್ತಿದ್ದ ಹಾಡುಗಾರಿಕೆಯ ಶಾಲೆಗೆ ಲೋಟೆ ಬಹಳ ಆಸೆಯಿಂದ ಸೇರಿದ್ದರು. ಅಲ್ಲಿನ ಪದ್ಧತಿಗೆ ಅವರ ಗಂಟಲು ಒಗ್ಗಲಿಲ್ಲ. ಕಲಿತಷ್ಟೂ ದನಿ ಬಿಗಿಯುತ್ತಾ ಬಂದು, ಕೊನೆಗೆ ಇವಳಿಂದ ಆಗದು ಎಂದು ಶಾಲೆಯವರು ಕೈಬಿಟ್ಟರು. ಅನಂತರ ಅವರು ಹೋದದ್ದು ಮಟಿಲ್ಡೆ ಮಾಲಿಂಗರ್ ಅವರ ಬಳಿಗೆ. ವಾಗ್ನರ್ ಅವರ ‘ಮೈಸ್ಟರ್‌ಸಿಂಗರ್’ 1868ರಲ್ಲಿ ಮೊದಲ ಬಾರಿ ರಂಗಕ್ಕೆ ಬಂದಾಗ ಇವಾ ಪಾತ್ರವನ್ನು ಹಾಡಿದ್ದವರು ಈ ಮಾಲಿಂಗರ್. ಅವರ ಕೈಯಲ್ಲಿ ಅದೇ ಹುಡುಗಿಯ ಅದೇ ಗಂಟಲು ಕೆಲವೇ ಕಾಲದಲ್ಲಿ ಬಿಚ್ಚಿಕೊಂಡಿತು. 1914ರಲ್ಲಿ ಆಕೆ ವಿಯೆನ್ನಾದಲ್ಲಿ ಅತಿಥಿಯಾಗಿ ಹಾಡಿದ ಮೊದಲ ಪಾತ್ರ, ಗುರು ಹಾಡಿದ್ದ ಅದೇ ಇವಾ.

ಈ ಕಥೆಯನ್ನು ಹೇಳಿ ನಿಮ್ಮ ಮಗಳಿಗೆ ಸುಳ್ಳು ಆಸೆ ಹುಟ್ಟಿಸುವ ಉದ್ದೇಶ ನನ್ನದಲ್ಲ. ಕೈಬಿಟ್ಟ ಮಕ್ಕಳೆಲ್ಲ ದೊಡ್ಡ ಗಾಯಕರಾಗುವುದಿಲ್ಲ. ಆದರೆ ಒಬ್ಬ ಗುರು “ಇದು ಆಗದು” ಎಂದರೆ, ಆ ಮಾತು ಕಂಠದ ಮೇಲಿನ ತೀರ್ಪಾಗಿರಬಹುದು, ಅಥವಾ ಆ ಗುರುವಿನ ಪದ್ಧತಿಗೂ ಆ ಕಂಠಕ್ಕೂ ಹೊಂದಿಕೆಯಾಗಲಿಲ್ಲ ಎಂಬುದರ ಸೂಚನೆಯಷ್ಟೇ ಆಗಿರಬಹುದು. ಎರಡರಲ್ಲಿ ಯಾವುದೆಂದು ತಿಳಿಯದೆ ತಂಬೂರಿಯನ್ನು ಮೂಲೆಗಿಡಬಾರದು.

ಆದ್ದರಿಂದ ಮೊದಲು ಎರಡು ವಿಚಾರಗಳನ್ನು ನೋಡಿರಿ. ಅವಳು ಯಾವ ಶ್ರುತಿಯಲ್ಲಿ ಹಾಡುತ್ತಿದ್ದಾಳೆ? ಹತ್ತು ಹದಿನೈದು ಮಕ್ಕಳನ್ನು ಒಟ್ಟಿಗೆ ಕೂರಿಸಿ ಕಲಿಸುವ ತರಗತಿಗಳಲ್ಲಿ ಎಲ್ಲರಿಗೂ ಒಂದೇ ಶ್ರುತಿ ಇಡುವುದು ರೂಢಿ. ಹತ್ತು ವರ್ಷದ ಮಗುವಿಗೆ ಹಿತವಾಗಿದ್ದ ಶ್ರುತಿ ಹದಿನಾರಕ್ಕೆ ಹಿತವಾಗಿಯೇ ಇರಬೇಕೆಂದಿಲ್ಲ, ಏಕೆಂದರೆ ಹುಡುಗರಷ್ಟು ಎದ್ದು ಕಾಣುವಂತೆ ಅಲ್ಲದಿದ್ದರೂ ಹುಡುಗಿಯರ ದನಿಯೂ ಆ ವಯಸ್ಸಿನಲ್ಲಿ ಬದಲಾಗುತ್ತದೆ, ಕೆಲವು ತಿಂಗಳು ಉಸಿರು ಬೆರೆತಂತೆ, ಒಡೆದಂತೆ ಕೇಳುತ್ತದೆ. ತಾರಸ್ಥಾಯಿಯ ಪಂಚಮಕ್ಕೆ ಹೋಗುವಾಗ ಅವಳ ಕತ್ತಿನ ನರ ಉಬ್ಬುತ್ತದೆಯೇ, ಗದ್ದ ಮೇಲಕ್ಕೇಳುತ್ತದೆಯೇ ಎಂದು ನೀವೇ ಎದುರು ಕುಳಿತು ನೋಡಿರಿ. ಹಾಗಿದ್ದರೆ ಅರ್ಧ ಮನೆ, ಒಂದು ಮನೆ ಶ್ರುತಿ ಇಳಿಸಿ ಕೆಲವು ವಾರ ಹಾಡಿಸಿರಿ. ಇನ್ನೊಂದು, ಪಾಠ ಇರಲಿ ಇಲ್ಲದಿರಲಿ ಮೂರು ವಾರಕ್ಕೂ ಮಿಕ್ಕಿ ದನಿ ಗೊಗ್ಗರಾಗಿಯೇ ಉಳಿದಿದ್ದರೆ ಕಿವಿ ಮೂಗು ಗಂಟಲಿನ ವೈದ್ಯರಿಗೆ ತೋರಿಸಿ ದನಿಪಟ್ಟಿಗಳನ್ನು ಪರೀಕ್ಷಿಸಿಕೊಳ್ಳಬೇಕು. ಕಷಾಯ, ಕಲ್ಲುಸಕ್ಕರೆಗಳನ್ನು ನಂಬಿ ದಿನ ಕಳೆಯಬಾರದು.

ವೀಣೆ ಕಲಿಯುವುದು ಎಂದಿಗೂ ಒಳ್ಳೆಯದೇ. ಆದರೆ ಅದನ್ನು ಶಿಕ್ಷೆಯಾಗಿ ಕೊಡಬಾರದು. ಟೀಚರ ಮೇಲೆ ಸಿಟ್ಟು ಇಟ್ಟುಕೊಳ್ಳದೆ, ಮತ್ತೊಬ್ಬ ಹಿರಿಯ ಗಾಯಕರ ಮುಂದೆ ಅವಳನ್ನು ಒಮ್ಮೆ ಹಾಡಿಸಿ ಅಭಿಪ್ರಾಯ ಕೇಳಿರಿ.

ಪ್ರಶ್ನೆ: ಒಪೆರಾದಲ್ಲಿ ಮೈಕು ಇಲ್ಲವೆನ್ನುತ್ತೀರಿ. ನಮ್ಮಲ್ಲಿ ಒಂದು ಚೆಂಡೆ, ಒಂದು ಮದ್ದಳೆಯ ಎದುರಿಗೆ ಹಾಡಲು ಈಗ ಮೈಕು ಬೇಕೇ ಬೇಕು. ನೂರು ವಾದ್ಯಗಳನ್ನು ಮೀರಿ ಒಂದು ಹೆಣ್ಣು ಕಂಠ ಕೇಳಿಸುವುದು ಹೇಗೆ?
(ಹವ್ಯಾಸಿ ಭಾಗವತರು, ಮುಳ್ಳೇರಿಯ)

ಉತ್ತರ: ಭಾಗವತರೇ, ಯಕ್ಷಗಾನ ಕವಿ ಪಾರ್ತಿಸುಬ್ಬನ ಪದಗಳನ್ನು ಮೈಕಿಲ್ಲದೆ ಬೆಳಗಿನವರೆಗೆ ಹಾಡಿದ ಪರಂಪರೆ ನಿಮ್ಮದು, ಆದ್ದರಿಂದ ಉತ್ತರದ ಅರ್ಧ ಭಾಗ ನಿಮಗೆ ಗೊತ್ತೇ ಇದೆ. ಹಳೆಯ ಭಾಗವತರು ಏರು ಶ್ರುತಿ ಹಿಡಿಯುತ್ತಿದ್ದದ್ದು ಸುಮ್ಮನೆ ಅಲ್ಲ. ದನಿ ದೂರ ಹೋಗುವುದು ಜೋರಿನಿಂದಲ್ಲ, ವಾದ್ಯಗಳ ಶಕ್ತಿ ಕಡಿಮೆ ಇರುವ ಜಾಗದಲ್ಲಿ ದನಿಯ ಶಕ್ತಿಯನ್ನು ಇಡುವುದರಿಂದ.

ದೊಡ್ಡ ವಾದ್ಯವೃಂದದ ನಾದಶಕ್ತಿ ಹೆಚ್ಚಾಗಿರುವುದು ಸೆಕೆಂಡಿಗೆ 500 ಕಂಪನಗಳ ಆಸುಪಾಸಿನಲ್ಲಿ. ಅಲ್ಲಿಂದ ಮೇಲಕ್ಕೆ ಹೋದಂತೆ ಅದು ಇಳಿಯುತ್ತದೆ. ಪಳಗಿದ ಗಂಡು ಕಂಠಗಳಲ್ಲಿ 3000 ಕಂಪನಗಳ ಸುತ್ತ ಒಂದು ವಿಶೇಷವಾದ ಉಬ್ಬು ಇರುವುದನ್ನು ಸ್ವೀಡನ್ನಿನ ವಿಜ್ಞಾನಿ ಯೋಹಾನ್ ಸುಂಡ್‌ಬೆರ್ಗ್ ವಿವರವಾಗಿ ಅಧ್ಯಯನ ಮಾಡಿ ತೋರಿಸಿದ್ದಾರೆ. ಗಂಟಲಿನ ಕೆಳಭಾಗವನ್ನು ಸಡಿಲವಾಗಿ, ಅಗಲವಾಗಿ ಇಟ್ಟುಕೊಳ್ಳುವ ಅಭ್ಯಾಸದಿಂದ ಅದು ಬರುತ್ತದೆ. ನಮ್ಮ ಕಿವಿಯೂ ಆ ಮಟ್ಟದ ನಾದಕ್ಕೆ ಹೆಚ್ಚು ಸೂಕ್ಷ್ಮವಾಗಿದೆ. ಎತ್ತರದ ಹೆಣ್ಣು ಕಂಠದ ದಾರಿ ಬೇರೆ: ಸ್ವರ ಏರಿದಂತೆ ಗಾಯಕಿ ದವಡೆಯನ್ನು ಇಳಿಸಿ ಬಾಯಿಯನ್ನು ಹೆಚ್ಚು ತೆರೆದು, ಬಾಯೊಳಗಿನ ಅನುರಣನವನ್ನು ತಾನು ಹಾಡುತ್ತಿರುವ ಸ್ವರದ ಮಟ್ಟಕ್ಕೇ ತಂದು ಹೊಂದಿಸುತ್ತಾಳೆ. ಆಗ ದನಿ ಶ್ರಮವಿಲ್ಲದೆ ತುಂಬಿಕೊಳ್ಳುತ್ತದೆ. ಆದರೆ ಇದಕ್ಕೆ ತೆರಬೇಕಾದ ಬೆಲೆಯೊಂದಿದೆ. ಬಾಯಿ ಅಷ್ಟು ತೆರೆದಾಗ ಇಕಾರ, ಉಕಾರಗಳೆಲ್ಲ ಅಕಾರದ ಹತ್ತಿರ ಬಂದುಬಿಡುತ್ತವೆ, ಸಾಹಿತ್ಯ ಮಸುಕಾಗುತ್ತದೆ. ಎತ್ತರದ ಹೆಣ್ಣು ಕಂಠಗಳಲ್ಲಿ ಮಾತು ತಿಳಿಯುವುದಿಲ್ಲ ಎಂಬ ದೂರು ಒಪೆರಾ ಕೇಳುವ ಎಲ್ಲರದ್ದೂ ಹೌದು. ಲೋಟೆಯವರ ದನಿಮುದ್ರಿಕೆಗಳಲ್ಲಿ ಆ ದೂರಿಗೆ ಎಡೆಯೇ ಇಲ್ಲವೆನ್ನುವಷ್ಟು ಸ್ಪಷ್ಟವಾಗಿ ಮಾತು ಕೇಳಿಸುತ್ತದೆ ಎಂಬುದು ಅವರ ದೊಡ್ಡ ಸಾಧನೆ.

ಅವರ ಕೊರತೆಯನ್ನೂ ಹೇಳಬೇಕು. ಲೋಟೆ ಉಸಿರನ್ನು ಪದೇ ಪದೇ ಎಳೆದುಕೊಳ್ಳುತ್ತಿದ್ದರು. ದೀರ್ಘವಾದ ಸಾಲನ್ನು ಒಂದೇ ಉಸಿರಿನಲ್ಲಿ ಹಾಡಬೇಕಾದ ಕಡೆಯಲ್ಲಿ ಮುರಿಯುತ್ತಿದ್ದರೆಂದು ಆ ಕಾಲದ ವಿಮರ್ಶಕರೇ ಬರೆದಿದ್ದಾರೆ, ಮುದ್ರಿಕೆಗಳಲ್ಲಿಯೂ ಅದು ಕೇಳುತ್ತದೆ. ಆದರೆ ಅವರು ಉಸಿರು ತೆಗೆಯುವುದು ಅರ್ಥ ಕೆಡುವ ಜಾಗದಲ್ಲಿ ಅಲ್ಲ. ‘ಫಿಡೆಲಿಯೊ’ದಲ್ಲಿ ಗಂಡು ವೇಷದಲ್ಲಿ ಸೆರೆಮನೆ ಹೊಕ್ಕ ಲಿಯೊನೋರೆ, ಕೊಲೆಗಾರನ ಕತ್ತಿಗೂ ಗಂಡನಿಗೂ ನಡುವೆ ಹಾರಿ, ಮೊದಲು ಅವನ ಹೆಂಡತಿಯನ್ನು ಕೊಲ್ಲು ಎಂದು ಕೂಗುವ ಸಂದರ್ಭವನ್ನು ನೆನೆಯಿರಿ. ಅಂಥ ಕಡೆ ಏದುಸಿರು ದೋಷವಾಗಿ ಕೇಳುವುದಿಲ್ಲ. ಏರುಪದದಲ್ಲಿ ನೀವೂ ಇದನ್ನು ಕಂಡಿರುತ್ತೀರಿ.

ಇನ್ನೊಂದು ವ್ಯತ್ಯಾಸವನ್ನು ಹೇಳದಿದ್ದರೆ ನಿಮ್ಮ ಬಳಗಕ್ಕೆ ಅನ್ಯಾಯವಾಗುತ್ತದೆ. ದೊಡ್ಡ ಪಾತ್ರವೊಂದನ್ನು ಹಾಡಿದ ಒಪೆರಾ ಗಾಯಕರು ಸಾಮಾನ್ಯವಾಗಿ ಮುಂದಿನ ಒಂದೆರಡು ದಿನ ಗಂಟಲಿಗೆ ವಿಶ್ರಾಂತಿ ಕೊಡುತ್ತಾರೆ. ತಿರುಗಾಟಕ್ಕೆ ಹೊರಟ ಮೇಳದ ಭಾಗವತರು ತಿರುಗಾಟ ಮುಗಿಯುವ ಪತ್ತನಾಜೆಯವರೆಗೆ ರಾತ್ರಿ ರಾತ್ರಿ ಹಾಡುತ್ತಾರೆ. ಮೈಕು ಬಂದದ್ದರಿಂದ ಶ್ರುತಿ ಇಳಿಸಲು ಸಾಧ್ಯವಾಗಿ ಗಂಟಲುಗಳು ಉಳಿದವು ಎಂಬುದನ್ನು ನಾನು ಒಪ್ಪುತ್ತೇನೆ. ಹವ್ಯಾಸಿಗಳಾದ ನೀವು ತಾಳಮದ್ದಳೆ ಕೂಟಗಳಲ್ಲಿ, ಸಣ್ಣ ಚಾವಡಿಯಾದರೆ, ಒಮ್ಮೊಮ್ಮೆಯಾದರೂ ಮೈಕಿಲ್ಲದೆ ಹಾಡಿ ನೋಡಬೇಕೆಂಬುದು ನನ್ನ ಅರಿಕೆ.

ಪ್ರಶ್ನೆ: ಹಿಟ್ಲರನ ಕಾಲದಲ್ಲಿ ಅವರು ಜರ್ಮನಿ ಬಿಟ್ಟದ್ದು ಏಕೆ? ಅವರು ಯಹೂದಿಯೇ?
(ಓದುಗರು, ಪೆರ್ಲ)

ಉತ್ತರ: ಅವರು ಯಹೂದಿಯಲ್ಲ. ಆದರೆ 1926ರಲ್ಲಿ ಅವರು ಮದುವೆಯಾದ ಒಟ್ಟೊ ಕ್ರೌಸೆ ಅವರ ಮೊದಲ ಹೆಂಡತಿ ಯಹೂದಿಯಾಗಿದ್ದರಿಂದ, ಅವರಿಬ್ಬರ ಮಕ್ಕಳಿಗೆ ನಾಜಿ ಆಡಳಿತದಲ್ಲಿ ಅಪಾಯವಿತ್ತು. 1938ರ ಮಾರ್ಚಿನಲ್ಲಿ ಹಿಟ್ಲರ್ ಆಸ್ಟ್ರಿಯಾವನ್ನು ಕಬಳಿಸಿದ. ಅದೇ ಮೇ ತಿಂಗಳಲ್ಲಿ ಲೋಟೆ ಲಂಡನ್ನಿನ ಕೋವೆಂಟ್ ಗಾರ್ಡನ್ನಿನಲ್ಲಿ ಮಾರ್ಷಲಿನ್ ಹಾಡುತ್ತಿದ್ದರು. ಮೊದಲ ಅಂಕದ ನಡುವೆ ಅವರಿಗೆ ಇದ್ದಕ್ಕಿದ್ದಂತೆ ದನಿಯೇ ಹೊರಡದಾಯಿತು. ಇನ್ನು ನನ್ನಿಂದಾಗದು ಎಂದು ರಂಗ ಬಿಟ್ಟು ಒಳಗೆ ಹೋದರು. ಪ್ರೇಕ್ಷಕರ ನಡುವೆ ಇದ್ದ ಹಿಲ್ಡೆ ಕೊನೆಟ್ಸ್‌ನಿ ಎಂಬ ಗಾಯಕಿ ಅವಸರವಸರವಾಗಿ ವೇಷ ತೊಟ್ಟು ಆ ರಾತ್ರಿಯ ಆಟವನ್ನು ಮುಗಿಸಿಕೊಟ್ಟರು. ಮನೆಯವರ ಚಿಂತೆ ಅಷ್ಟು ದೊಡ್ಡ ಗಾಯಕಿಯ ಗಂಟಲನ್ನೂ ಹಿಡಿಯಿತು. ಆ ವರ್ಷವೇ ಕುಟುಂಬ ಅಮೆರಿಕ ಸೇರಿತು. ಮರುವರ್ಷ ಗಂಡ ತೀರಿಕೊಂಡರು. 1945ರಲ್ಲಿ ಲೋಟೆ ಅಮೆರಿಕದ ಪ್ರಜೆಯಾದರು. ಯುದ್ಧದಲ್ಲಿ ಹಾಳಾಗಿದ್ದ ವಿಯೆನ್ನಾ ಒಪೆರಾ ಮಂದಿರ 1955ರ ನವೆಂಬರಿನಲ್ಲಿ ‘ಫಿಡೆಲಿಯೊ’ದೊಂದಿಗೆ ಮತ್ತೆ ತೆರೆದಾಗ ಅವರನ್ನು ಗೌರವದ ಅತಿಥಿಯಾಗಿ ಕರೆಸಿಕೊಂಡರು.

ಪ್ರಶ್ನೆ: ಹಾಡುವುದನ್ನು ನಿಲ್ಲಿಸಿದ ಮೇಲೆ ಅವರು ಇಪ್ಪತ್ತೈದು ವರ್ಷ ಬದುಕಿದ್ದರಲ್ಲ? ದನಿ ಹೋದ ಗಾಯಕಿ ಬೇರೆಯವರಿಗೆ ದನಿ ಕಲಿಸುವುದು ಹೇಗೆ ಸಾಧ್ಯ? ನಾನು ಪದವಿ ಓದುತ್ತಾ ಸುಗಮ ಸಂಗೀತ ಕಲಿಯುತ್ತಿದ್ದೇನೆ. ಗುರುಗಳನ್ನು ಆರಿಸಿಕೊಳ್ಳುವ ಗೊಂದಲದಲ್ಲಿದ್ದೇನೆ.
(ವಿದ್ಯಾರ್ಥಿನಿ, ಮಂಜೇಶ್ವರ)

ಉತ್ತರ: ಈ ಪತ್ರ ಬಂದದ್ದಕ್ಕೆ ನಾನು ಆಭಾರಿ, ಏಕೆಂದರೆ ಲೋಟೆಯವರ ಬದುಕಿನಲ್ಲಿ ನಮ್ಮ ಕಡೆಯ ಸಂಗೀತ ಶಿಕ್ಷಣಕ್ಕೆ ಅತ್ಯಂತ ಉಪಯುಕ್ತವಾದ ಭಾಗವೆಂದರೆ ಇದು.

1951ರ ಫೆಬ್ರವರಿ 16ರಂದು ನ್ಯೂಯಾರ್ಕಿನ ಟೌನ್ ಹಾಲಿನಲ್ಲಿ ಕಛೇರಿಯ ನಡುವೆ ಅವರು ಇದು ತಮ್ಮ ಕೊನೆಯ ಹಾಡುಗಾರಿಕೆ ಎಂದು ತಿಳಿಸಿದರು. ಸಭೆ ಬೇಡ ಬೇಡವೆಂದು ಕೂಗಿತು. ಅವರು ಮನಸ್ಸು ಬದಲಾಯಿಸಲಿಲ್ಲ. ಕನ್ನಡಿ ನೋಡಿಕೊಂಡು ಹೊತ್ತಾಯಿತೆಂದು ತಿಳಿಯುವ ಮಾರ್ಷಲಿನ್‌ಳನ್ನು ನೆನೆದು ಮಾತಾಡಿದರು. ಕೊನೆಗೆ ಶುಬರ್ಟ್ 1817ರಲ್ಲಿ ಸಂಯೋಜಿಸಿದ, ಸಂಗೀತಕ್ಕೇ ಕೃತಜ್ಞತೆ ಹೇಳುವ ಪುಟ್ಟ ಗೀತೆಯನ್ನು ಹಾಡತೊಡಗಿ, ಕೊನೆಯ ಸಾಲಿಗೆ ಬಂದಾಗ ಕಂಠ ಬಿಗಿದು ಮುಖ ಮುಚ್ಚಿಕೊಂಡರು. ಉಳಿದ ಸ್ವರಗಳನ್ನು ಪಿಯಾನೊ ಒಂದೇ ನುಡಿಸಿ ಮುಗಿಸಿತು. ಇದರ ದನಿಮುದ್ರಿಕೆ ಉಳಿದಿದೆ. ಇನ್ನೂ ಹಾಡಬಲ್ಲ ಸ್ಥಿತಿಯಲ್ಲಿರುವಾಗಲೇ ನಿಲ್ಲಿಸುವ ನಿರ್ಧಾರ ಮಾಡಿದ್ದನ್ನು ನಾನು ದೊಡ್ಡ ಗುಣವೆಂದು ತಿಳಿಯುತ್ತೇನೆ.

ಅದಾದ ಮೇಲೆ ಅವರು ಸಾಂಟಾ ಬಾರ್ಬರಾದ ‘ಮ್ಯೂಸಿಕ್ ಅಕಾಡೆಮಿ ಆಫ್ ದ ವೆಸ್ಟ್’ ಎಂಬ ಬೇಸಗೆ ಶಾಲೆಯಲ್ಲಿ ಪಾಠಕ್ಕೆ ನಿಂತರು. 1947ರಲ್ಲಿ ಆ ಶಾಲೆಯನ್ನು ಕಟ್ಟಿದವರಲ್ಲಿ ಅವರೂ ಒಬ್ಬರು. ಅಲ್ಲಿ ಅವರು ನಡೆಸಿದ್ದು, ಒಬ್ಬ ವಿದ್ಯಾರ್ಥಿ ವೇದಿಕೆಯಲ್ಲಿ ಹಾಡುವುದು, ಗುರು ತಡೆದು ತಿದ್ದುವುದು, ಉಳಿದ ವಿದ್ಯಾರ್ಥಿಗಳೂ ಊರವರೂ ಕುಳಿತು ಕೇಳುವುದು, ಈ ರೀತಿಯ ತೆರೆದ ತರಗತಿಗಳನ್ನು. 1961ರಲ್ಲಿ ಇವುಗಳಲ್ಲಿ ಕೆಲವನ್ನು ಚಿತ್ರೀಕರಿಸಿದ್ದಾರೆ. ಎಪ್ಪತ್ತು ದಾಟಿದ ಲೋಟೆ ತೋರಿಸಿಕೊಡಬೇಕಾದಾಗ ಒಂದು ಸ್ಥಾಯಿ ಕೆಳಗೆ, ಬಿರುಕುಬಿಟ್ಟ ದನಿಯಲ್ಲಿ ಗುನುಗುತ್ತಾರೆ. ಆದರೆ ಅವರ ಕಣ್ಣು, ಹುಬ್ಬು, ಕೈಬೆರಳಿನ ಚಲನೆಯನ್ನು ನೋಡಿದರೆ ಆ ಹಾಡಿನ ಅರ್ಥವೆಲ್ಲ ಅಲ್ಲಿ ಕಾಣುತ್ತದೆ. ವಿದ್ಯಾರ್ಥಿನಿ ಸುಂದರವಾಗಿ ಹಾಡುತ್ತಾಳೆ, ಮುಖ ಖಾಲಿಯಾಗಿರುತ್ತದೆ. ಗುರುವಿಗೆ ದನಿಯೇ ಇಲ್ಲ, ಮುಖ ತುಂಬಿರುತ್ತದೆ.

ಅವರು ಕಲಿಸಿದ್ದೇನು? ಈ ಮಾತನ್ನು ಯಾರು, ಯಾರಿಗೆ, ಯಾವ ಸ್ಥಿತಿಯಲ್ಲಿ ಹೇಳುತ್ತಿದ್ದಾರೆ ಎಂಬುದು ಹಾಡುವವರಿಗೆ ಮೊದಲು ತಿಳಿದಿರಬೇಕು ಎಂಬುದು ಮೊದಲನೆಯದು. ಹಾಡು ಶುರುವಾಗುವುದು ಗಾಯಕಿ ಬಾಯಿ ತೆರೆದಾಗ ಅಲ್ಲ, ಪಿಯಾನೊದ ಮೊದಲ ಸ್ವರದಲ್ಲಿ. ಮುಗಿಯುವುದು ಪಿಯಾನೊ ನಿಂತಾಗ. ಆದ್ದರಿಂದ ವಾದ್ಯ ಮಾತ್ರ ನುಡಿಯುವ ಹೊತ್ತಿನಲ್ಲಿ ಗಾಯಕಿ ತನ್ನ ಸರದಿಗಾಗಿ ಕಾಯುತ್ತಾ ನಿಲ್ಲದೆ ಆ ಭಾವದೊಳಗೆ ಇರಬೇಕು ಎಂಬುದು ಇನ್ನೊಂದು. ಸುಗಮ ಸಂಗೀತದವರು ಇದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು. ಪಲ್ಲವಿ ಮತ್ತು ಚರಣದ ನಡುವೆ ಕೊಳಲು, ಕೀಬೋರ್ಡುಗಳ ಬಿಜಿಎಂ ನಡೆಯುವಾಗ ಮೈಕು ಸರಿಪಡಿಸಿಕೊಳ್ಳುವುದು, ಮೊಬೈಲಿನ ಸಾಹಿತ್ಯವನ್ನು ಮೇಲೆ ಕೆಳಗೆ ಸರಿಸುವುದು, ಸಭೆಯಲ್ಲಿ ಯಾರು ಬಂದಿದ್ದಾರೆಂದು ನೋಡುವುದು ನಮ್ಮ ವೇದಿಕೆಗಳಲ್ಲಿ ಎಷ್ಟು ಸಾಮಾನ್ಯ! ಕವಿತೆ ಅಲ್ಲಿಗೆ ಕಡಿದುಹೋಗುತ್ತದೆ.

ಜೊತೆಗೆ, ತಮ್ಮನ್ನು ಅನುಕರಿಸುವುದನ್ನು ಅವರು ಬಲವಾಗಿ ವಿರೋಧಿಸುತ್ತಿದ್ದರು. ಅನುಕರಣೆ ಕಲೆಯ ಶತ್ರು ಎಂಬುದು ಅವರ ಖಚಿತ ಅಭಿಪ್ರಾಯ. ಕ್ಯಾಸೆಟ್ಟಿನಲ್ಲಿ ಪ್ರಸಿದ್ಧರು ಹಾಡಿದ ಭಾವಗೀತೆಯನ್ನು ಉಸಿರಿನ ಸಮೇತ ನಕಲು ಮಾಡಿ ಬಹುಮಾನ ಗೆಲ್ಲುವ ಸ್ಪರ್ಧೆಗಳಲ್ಲಿ ತೀರ್ಪುಗಾರರಾಗಿ ಕೂರುವವರಿಗೂ ಈ ಮಾತು ತಲುಪಲಿ.

ಈಗ ನಿಮ್ಮ ಗೊಂದಲಕ್ಕೆ ನೇರವಾಗಿ ಬರುತ್ತೇನೆ. ಲೋಟೆಯವರ ಶಿಷ್ಯರಲ್ಲಿ ಅತ್ಯಂತ ಪ್ರಸಿದ್ಧರು ಗ್ರೇಸ್ ಬಂಬ್ರಿ. 1937ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ ಹುಟ್ಟಿದ ಕಪ್ಪು ಜನಾಂಗದ ಹುಡುಗಿ. ಹದಿಹರೆಯದಲ್ಲಿ ಸ್ಪರ್ಧೆಯೊಂದನ್ನು ಗೆದ್ದರೂ, ಬಹುಮಾನವಾಗಿ ಸಿಗಬೇಕಿದ್ದ ಸಂಗೀತ ಶಾಲೆಯ ಪ್ರವೇಶವನ್ನು ಬಣ್ಣದ ಕಾರಣಕ್ಕೆ ನಿರಾಕರಿಸಲಾಗಿತ್ತು. ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ಲೋಟೆ ನಡೆಸಿದ ತರಗತಿಯಲ್ಲಿ ಅವರ ಕಣ್ಣಿಗೆ ಬಿದ್ದ ಬಂಬ್ರಿ, ಗುರುವನ್ನು ಹಿಂಬಾಲಿಸಿ ಸಾಂಟಾ ಬಾರ್ಬರಾಕ್ಕೆ ಬಂದು ಕೆಲವು ವರ್ಷ ಕಲಿತರು. ಅಲ್ಲಿ ಅವರಿಗೆ ಇಬ್ಬರು ಗುರುಗಳು. ಹಾಡಿನ ಅರ್ಥ, ಅಭಿವ್ಯಕ್ತಿ, ರಂಗದ ನಡೆ ಲೋಟೆಯವರಿಂದ. ಉಸಿರು, ಸ್ವರಸ್ಥಾನ, ಗಂಟಲಿನ ಸಾಧನೆ ಅರ್ಮಾಂಡ್ ಟೊಕಾಟ್ಯಾನ್ ಎಂಬ ಹಿರಿಯ ಗಾಯಕರಿಂದ. ಶಿಷ್ಯೆಯ ಕಂಠ ಯಾವ ಜಾತಿಯದೆಂಬ ವಿಷಯದಲ್ಲಿ ಇಬ್ಬರಿಗೂ ಭಿನ್ನಾಭಿಪ್ರಾಯವೂ ಇತ್ತು: ಮಧ್ಯಮ ಎತ್ತರದ್ದೆಂದು ಲೋಟೆ, ಇಲ್ಲ, ಮೇಲಿನದೆಂದು ಟೊಕಾಟ್ಯಾನ್. ಬಂಬ್ರಿ ಮುಂದೆ ಎರಡೂ ಬಗೆಯ ಪಾತ್ರಗಳನ್ನು ಹಾಡಿದರು. 1961ರಲ್ಲಿ ವಾಗ್ನರ್ ಅವರ ಬೈರಾಯ್ಟ್ ರಂಗದಲ್ಲಿ ‘ಟಾನ್‌ಹಾಯ್ಸರ್’ನ ವೀನಸ್ ಆಗಿ ಹಾಡಿದ ಮೊದಲ ಕಪ್ಪು ಗಾಯಕಿ ಅವರು, ಆಕ್ಷೇಪಿಸಿ ಕೂಗಾಡಿದವರಿದ್ದ ಊರಿನಲ್ಲಿಯೇ ಪ್ರೇಕ್ಷಕರು ಅರ್ಧ ಗಂಟೆ ಚಪ್ಪಾಳೆ ತಟ್ಟಿ ಅವರನ್ನು ತೆರೆಯ ಮುಂದಕ್ಕೆ ಮತ್ತೆ ಮತ್ತೆ ಕರೆಸಿಕೊಂಡರು.

ಉಸಿರಿನ ವಿಷಯದಲ್ಲಿ ತಾನೇ ಪರಿಪೂರ್ಣಳಲ್ಲದ ಗಾಯಕಿ, ಆ ಭಾಗವನ್ನು ಬಲ್ಲ ಇನ್ನೊಬ್ಬರಿಗೆ ಬಿಟ್ಟು ತನಗೆ ತಿಳಿದದ್ದನ್ನು ಪೂರ್ತಿಯಾಗಿ ಕೊಟ್ಟರು. ನನಗೆ ಇದಕ್ಕಿಂತ ದೊಡ್ಡ ಗುರುಲಕ್ಷಣ ಕಾಣುವುದಿಲ್ಲ. ನಮ್ಮಲ್ಲಿ ಒಬ್ಬರ ಶಿಷ್ಯರು ಇನ್ನೊಬ್ಬರ ಬಳಿ ಹೋದರೆ ಮುನಿಸು, ದೂರು, ಮುಖ ತಿರುಗಿಸುವುದು. ನೀವು ಒಬ್ಬ ಗುರುವನ್ನು ಆರಿಸುವ ಮೊದಲು, ಅವರು ಎಷ್ಟು ಚೆನ್ನಾಗಿ ಹಾಡುತ್ತಾರೆ ಎಂದು ನೋಡುವುದರ ಜೊತೆಗೆ, ಅವರ ಶಿಷ್ಯರು ಹೇಗೆ ಹಾಡುತ್ತಾರೆ ಎಂಬುದನ್ನು ಕುಳಿತು ಕೇಳಿರಿ. ಮೂವರು ಶಿಷ್ಯರು ಮೂರು ರೀತಿಯಲ್ಲಿ ಹಾಡಿದರೆ ಅಲ್ಲಿ ಧೈರ್ಯವಾಗಿ ಸೇರಿರಿ. ಶಾಸ್ತ್ರೀಯದ ಸ್ವರಸಾಧನೆಗೆ ಒಬ್ಬರು, ಕವಿತೆಯ ಅರ್ಥಕ್ಕೆ ಒಬ್ಬರು ಎಂದು ಇಬ್ಬರ ಬಳಿ ಕಲಿಯುವುದಾದರೆ ಇಬ್ಬರಿಗೂ ಮೊದಲೇ ತಿಳಿಸಿ, ಅನುಮತಿ ಪಡೆದು ಕಲಿಯಿರಿ. ಮತ್ತು ನಿಮ್ಮೂರಿನ ಕನ್ನಡ ಅಧ್ಯಾಪಕರೊಬ್ಬರ ಮುಂದೆ ಹಾಡುವ ಕವಿತೆಯನ್ನು ಒಮ್ಮೆ ಗಟ್ಟಿಯಾಗಿ ಓದಿರಿ; ಎಲ್ಲಿ ನಿಲ್ಲಬೇಕು, ಎಲ್ಲಿ ನಿಲ್ಲಬಾರದು ಎಂಬುದನ್ನು ಅವರು ರಾಗದ ಹಂಗಿಲ್ಲದೆ ಹೇಳಿಕೊಡುತ್ತಾರೆ.

ಲೋಟೆ 1962ರಲ್ಲಿ ಮೆಟ್ರೊಪಾಲಿಟನ್‌ಗೆ ಮತ್ತೆ ಬಂದರು, ಈ ಸಲ ‘ರೋಸೆನ್‌ಕಾವಲಿಯರ್’ನ ರಂಗನಿರ್ದೇಶನಕ್ಕೆ; ಫ್ರಾನ್ಸಿನ ರೆಜೀನ್ ಕ್ರೆಸ್ಪಾನ್ ಅಲ್ಲಿ ಮೊದಲ ಬಾರಿ ಮಾರ್ಷಲಿನ್ ಆದದ್ದು ಅವರ ಮಾರ್ಗದರ್ಶನದಲ್ಲಿ. ಚಿತ್ರ ಬರೆಯುವ ಹವ್ಯಾಸವೂ ಅವರಿಗಿತ್ತು. ಶುಬರ್ಟನ ‘ಚಳಿಗಾಲದ ಪಯಣ’ದ 24 ಗೀತೆಗಳಿಗೆ ಚಿತ್ರಗಳನ್ನು ಬರೆದಿದ್ದಾರೆ.

ಪ್ರಶ್ನೆ: ಜರ್ಮನ್ ಒಂದಕ್ಷರವೂ ಬಾರದ ನಾನು ಇವರ ಯಾವ ಹಾಡಿನಿಂದ ಕೇಳಲು ತೊಡಗಬೇಕು?
(ಓದುಗರು, ನೀಲೇಶ್ವರ)

ಉತ್ತರ: 1935ರಲ್ಲಿ ವಿಯೆನ್ನಾದಲ್ಲಿ ಮುದ್ರಿಸಿದ ‘ವಾಲ್ಕ್ಯೂರೆ’ಯ ಮೊದಲ ಅಂಕದಿಂದ ತೊಡಗಿರಿ. ಬ್ರೂನೊ ವಾಲ್ಟರ್ ನಿರ್ದೇಶನ, ವಿಯೆನ್ನಾ ಫಿಲ್ಹಾರ್ಮೊನಿಕ್ ವಾದ್ಯವೃಂದ, ಲೋಟೆಯ ಜೊತೆ ಲೌರಿಟ್ಸ್ ಮೆಲ್ಕಿಯರ್. ಒಂದು ಗಂಟೆಯ ಆಸುಪಾಸು. ಕಥೆ ಸರಳ: ಬಿರುಗಾಳಿಯ ರಾತ್ರಿ ಅಪರಿಚಿತನೊಬ್ಬ ಮನೆಗೆ ಬರುತ್ತಾನೆ, ಮನೆಯೊಡತಿ ನೀರು ಕೊಡುತ್ತಾಳೆ, ಮಾತು ಬೆಳೆದಂತೆ ಇಬ್ಬರೂ ಚಿಕ್ಕಂದಿನಲ್ಲಿ ಅಗಲಿದ ಅವಳಿ ಅಣ್ಣ ತಂಗಿ ಎಂದು ತಿಳಿಯುತ್ತದೆ. ಸಾಹಿತ್ಯದ ಅನುವಾದವನ್ನು ಮೊದಲು ಒಮ್ಮೆ ಓದಿಕೊಂಡು, ಅನಂತರ ಕಾಗದ ಬದಿಗಿಟ್ಟು ಕೇಳಿರಿ. ಆ ಕಾಲದ ಮುದ್ರಣದಲ್ಲಿ ಸ್ವಲ್ಪ ಗರಗರ ಇರುತ್ತದೆ. ಹತ್ತು ನಿಮಿಷದಲ್ಲಿ ಕಿವಿ ಅದಕ್ಕೆ ಒಗ್ಗುತ್ತದೆ.

ಎರಡನೆಯದಾಗಿ 1933ರ ಸಂಕ್ಷಿಪ್ತ ‘ರೋಸೆನ್‌ಕಾವಲಿಯರ್’. ಅದರಲ್ಲಿ ಸೋಫಿಯಾಗಿ ಎಲಿಜಬೆತ್ ಶೂಮಾನ್ ಹಾಡಿದ್ದಾರೆ. ಕೊನೆಯಲ್ಲಿ ಮಾರ್ಷಲಿನ್ ಹೌದು ಹೌದು ಎಂಬ ಎರಡು ಚುಟುಕು ಶಬ್ದಗಳನ್ನಷ್ಟೇ ಹೇಳಿ ಹೊರಟುಹೋಗುತ್ತಾಳೆ. ಮುದ್ರಣದ ದಿನ ಆ ಭಾಗಕ್ಕೆ ಬರುವಷ್ಟರಲ್ಲಿ ಲೋಟೆ ಹೊರಟುಹೋಗಿದ್ದರಿಂದ ಆ ಎರಡು ಶಬ್ದಗಳನ್ನು ಶೂಮಾನ್ ಅವರೇ ಹಾಡಿ ಸೇರಿಸಿದರೆಂಬುದು ಸಂಗೀತ ವಲಯದಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ. ಆದ್ದರಿಂದ ಲೋಟೆಯ ಮಾರ್ಷಲಿನ್ ಹೇಗಿದ್ದಳೆಂದು ತಿಳಿಯಲು ಕೊನೆಯ ಅಂಕಕ್ಕಿಂತ ಮೊದಲ ಅಂಕದ ಗಡಿಯಾರದ ಭಾಗವನ್ನು ಹೆಚ್ಚು ಸಲ ಕೇಳಿರಿ. ನಂತರ ಸಂಗೀತ ರಚನಕಾರರಾದ ಶುಬರ್ಟ್, ರಾಬರ್ಟ್ ಶೂಮಾನ್, ಬ್ರಾಮ್ಸ್ ಅವರ ಪುಟ್ಟ ಗೀತೆಗಳಿಗೆ ಹೋಗಬಹುದು; ಮೂರು ನಾಲ್ಕು ನಿಮಿಷಗಳ ಆ ಗೀತೆಗಳು ನಮ್ಮ ಭಾವಗೀತೆ ಕೇಳಿ ಬೆಳೆದ ಕಿವಿಗೆ ಬೇಗ ಹತ್ತಿರವಾಗುತ್ತವೆ.